ಅಕ್ಕ ಮೈ ತುಂಬಿಕೊಂಡ ವರ್ಷ

ನಮ್ಮಕ್ಕನಿಗೆ ಜೀವಮಾನವಿಡೀ ಕೊರಗು ಒಂದೇ: ಮೈಮೇಲೆ ಮಾಂಸವಿಲ್ಲ. ಭೇರ್ಯದ ಕಡೆಯ ಹಳ್ಳಿಗೆ ಮದುವೆಯಾಗಿ ಹೋದ ಮೇಲೆ ಅವಳ ಅತ್ತೆ ಅವಳನ್ನು ಕರೆಯುತ್ತಿದ್ದದ್ದೇ ನರಪೇತಲಿ ಎಂದು. ನಾಟಿ, ಕಳೆ, ಹಸು, ಒಲೆ ಎಲ್ಲವನ್ನೂ ನಿಭಾಯಿಸುತ್ತಿದ್ದದ್ದು ಆ ನರಪೇತಲ ಮೈಯೇ. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೋದ ವರ್ಷ ಅವರೂರಿನ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಎತ್ತರ ಅಳೆದರು, ತೂಕ ನೋಡಿದರು, ಎರಡನ್ನೂ ಮೊಬೈಲಿನಲ್ಲಿ ಒತ್ತಿ ಬಿಎಂಐ ಎಂದು ಒಂದು ಅಂಕಿ ತೆಗೆದರು. ಹುಣಸೂರಿನಲ್ಲಿದ್ದ ನನಗೆ ಅಕ್ಕ ಅಲ್ಲಿಂದಲೇ ಫೋನ್ ಮಾಡಿದಳು.

"ನಾರ್ಮಲ್ ಅಂತೆ ಕಣೇ! ಎತ್ರಕ್ಕೆ ತಕ್ಕ ತೂಕ ಐತಂತೆ. ನರಪೇತಲಿ ಅಂತಿದ್ರಲ್ಲ, ಈಗ ಬಾಯ್ ಮುಚ್ಕಬೇಕು ಎಲ್ರೂವೆ."

ನನಗೂ ಖುಷಿಯಾಯಿತು. ಸುಸ್ತು, ಊಟ ಸೇರುತ್ತಿಲ್ಲ ಎಂದೂ ಅಲ್ಲಿ ಹೇಳಿಕೊಂಡಳಂತೆ. "ತೂಕ ಸರಿಯಾಗಿದೆಯಲ್ಲಮ್ಮ" ಎಂದು ಮುಂದಿನವರನ್ನು ಕರೆದರಂತೆ. ಊಟ ಸೇರದವಳ ತೂಕ ಏರಿದ್ದು ಹೇಗೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಗೌರಿ ಹಬ್ಬಕ್ಕೆ ಅವಳಿಗೆ ಬಳೆ ತೊಡಿಸಲು ಹೋದೆ. ಮೈ ತುಂಬಿಕೊಂಡಿದ್ದಾಳಲ್ಲ ಎಂದು ಕೆ.ಆರ್. ನಗರದಲ್ಲಿ ಇಳಿದು ದೊಡ್ಡ ಅಳತೆಯ ಬಳೆಗಳನ್ನೇ ಕೊಂಡಿದ್ದೆ. ಕೈಗೆ ಹಾಕಿದ್ದೇ ತಡ, ಎಲ್ಲವೂ ಮೊಣಕೈವರೆಗೆ ಜಾರಿದವು. ಕೈ ಬರೀ ಮೂಳೆ. ಗಾಬರಿಯಾಗಿ ಕಾಲು ನೋಡಿದರೆ, ಕಾಲುಂಗುರಗಳು ಊದಿದ ಬೆರಳಿನೊಳಗೆ ಹೂತುಹೋಗಿದ್ದವು. ಹೊಟ್ಟೆ ತುಂಬುಬಸುರಿಯ ಹೊಟ್ಟೆಯಂತಿತ್ತು.

"ಉಂಗುರ ಕತ್ತರಿಸಿ ತೆಗೆಸೋಣ ಕಣಕ್ಕ, ನೋಯ್ತಿಲ್ವಾ?"

"ಗಂಡ ಇರೋವಾಗ ತೆಗೀಬಾರ್ದು, ಬುಡು."

ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಲಿವರ್ ಕೆಟ್ಟು ಮೈಯಲ್ಲಿ ನೀರು ತುಂಬಿದೆ ಎಂದರು. ಮಾಂಸ ಕರಗಿದ್ದಕ್ಕಿಂತ ಹೆಚ್ಚು ನೀರು ಸೇರಿ, ಶಿಬಿರದ ಲೆಕ್ಕ ಸರಿಹೋಗಿತ್ತು. ತಕ್ಕಡಿಗೆ ನೀರೂ ಒಂದೇ, ಮಾಂಸವೂ ಒಂದೇ. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ವೈದ್ಯರು ಹೇಳಿದರು. ಅಕ್ಕ ಮೊದಲೇ ಹೋಗಿದ್ದಳಲ್ಲ, ಆ ಶಾಲೆಗೆ.

ಹೊಟ್ಟೆಯ ನೀರು ತೆಗೆದು, ಮಾತ್ರೆ ಕೊಟ್ಟ ಮೇಲೆ ಕಾಲಿನ ಊತ ಇಳಿಯಿತು. ಒಂದು ಬೆಳಿಗ್ಗೆ ಕಾಲುಂಗುರಗಳು ತಾವಾಗಿಯೇ ಕಳಚಿ ಹಾಸಿಗೆಯ ಮೇಲೆ ಬಿದ್ದಿದ್ದವು.

"ದಾರ ಸುತ್ತಿ ಹಾಕ್ಬುಡೇ. ಬೋಳು ಬೆರಳಲ್ಲಿ ಇರಬಾರ್ದು" ಎಂದಳು. ಹಾಗೇ ಮಾಡಿದೆ. ಆ ವಾರವೇ ಹೋಗಿಬಿಟ್ಟಳು.

ಹೆಣವನ್ನು ಊರಿಗೆ ತಂದು ಜಗುಲಿಯ ಮೇಲೆ ಮಲಗಿಸಿದ್ದೆವು. ಅವಳತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರು: "ಈಗ್ತಾನೆ ಮೈ ಕೈ ತುಂಬ್ಕೊಂಡು ಚೆಂದಾಗಿದ್ಯಲ್ಲೇ ನನ್ನ ಮಗ್ಳೇ!"

"ಅದು ಮೈಯಲ್ಲ ಕಣವ್ವ, ನೀರು!" ಎಂದು ಕೂಗಿಬಿಟ್ಟೆ.

ನಾನು ಅವಳ ಕಾಲ ಬಳಿ ಕುಳಿತು, ಮತ್ತೆ ಸಡಿಲವಾಗಿದ್ದ ಕಾಲುಂಗುರಕ್ಕೆ ಇನ್ನೊಂದು ಸುತ್ತು ದಾರ ಸುತ್ತಿದೆ.