ಡಿಕ್ಕಿಯಲ್ಲಿ ಹಾಸಿದ ಪ್ಲಾಸ್ಟಿಕ್

ಎರಡು ಎಲೆಕ್ಟ್ರಿಕ್ ಎಸ್‌ಯುವಿಗಳಲ್ಲಿ ಯಾವುದು ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಬ್ಯಾಟರಿ, ಚಾರ್ಜಿಂಗು ಎಲ್ಲ ಹೆಚ್ಚುಕಡಿಮೆ ಒಂದೇ. ಕೊನೆಗೆ, ಮೀನು ಮಾರುವ ನನ್ನಮ್ಮನನ್ನೂ ಶೋರೂಮಿಗೆ ಕರೆದುಕೊಂಡು ಹೋದೆ.

"ಮೀನ್ ಬುಟ್ಟಿ ಎಲ್ಲಿಡೂದ್?" ಅಂತ ಅವಳು ಕೇಳಿದಳು.

"ವಾಸನೆ ಹಿಡಿಯುತ್ತಮ್ಮ" ಅಂತ ಮೊದಲನೇ ಶೋರೂಮಿನವನು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅಲ್ಲಿಂದ ಎದ್ದು ಹೋಗಿ ಇನ್ನೊಂದನ್ನೇ ಬುಕ್ ಮಾಡಿದೆ. ಅಮ್ಮನ ಮರ್ಯಾದೆ ಉಳಿಸಿದೆ ಅಂತ ನಮ್ಮೂರು ಕೋಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಕಾರು ಬಂತು, ಆನೆಗುಡ್ಡೆ ದೇವಸ್ಥಾನದಲ್ಲಿ ಪೂಜೆಯೂ ಆಯಿತು. ಮರುದಿನ ಬೆಳಿಗ್ಗೆ ಅಮ್ಮನನ್ನು ಮಾರ್ಕೆಟಿಗೆ ಬಿಡಲು ಹೊರಟೆ. ಬುಟ್ಟಿ ಇಡುವ ಮೊದಲು ಡಿಕ್ಕಿಗೆ ದಪ್ಪ ಪ್ಲಾಸ್ಟಿಕ್ ಹಾಸಿ, ವಾಸನೆ ಹಿಡಿಯದಿರಲಿ ಅಂತ ಅದರ ಮೇಲೆ ಇನ್ನೊಂದು ಹಾಸಿದೆ.

ಅಮ್ಮ ನೋಡುತ್ತ ನಿಂತಿದ್ದಳು. ಬುಟ್ಟಿಯನ್ನು ತಲೆ ಮೇಲಿಟ್ಟುಕೊಂಡು, "ನಾನ್ ಬಸ್ಸಿಗೇ ಹೋತೆ ಮಗಾ" ಅಂದಳು.