ನಮ್ಮ ಕಾರು ಉಗಿದದ್ದು

ಮನುಷ್ಯನ ಕ್ರೋಧಕ್ಕೆಲ್ಲ ಮೂಲ ಆಸೆ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರಿಗೆ ಕಾರಿರಲಿಲ್ಲ. ನಾನು ಕಣ್ಣಾರೆ ಕಂಡ ಮಟ್ಟಿಗೆ ಕ್ರೋಧದ ಮೂಲ ಬಾನೆಟ್ಟಿನ ಮೇಲೆ ಕಡಲೆಕಾಳಿನಷ್ಟಿರುವ ಒಂದು ಪ್ಲಾಸ್ಟಿಕ್ ಮೂತಿ. ಮುಂದಿನ ಗಾಜಿಗೆ ನೀರು ಚಿಮ್ಮಿಸುವುದು ಅದರ ಕೆಲಸ.

ಏರ್ಪಾಡೇನೋ ಸರಳವಾದದ್ದು. ಬಾನೆಟ್ಟಿನೊಳಗೆ ಮೂಲೆಯಲ್ಲೊಂದು ನೀರಿನ ಡಬ್ಬ, ಅದರ ಬುಡದಲ್ಲಿ ಹೆಬ್ಬೆರಳು ಗಾತ್ರದ ಪಂಪು, ಅಲ್ಲಿಂದ ಮೂತಿಯವರೆಗೆ ಸಣ್ಣ ಕೊಳವೆ. ಸ್ಟಿಯರಿಂಗ್ ಪಕ್ಕದ ಕಡ್ಡಿಯನ್ನು ನಮ್ಮ ಕಡೆಗೆ ಎಳೆದರೆ ನೀರು ಚಿಮ್ಮುತ್ತದೆ, ವೈಪರುಗಳು ತಾವಾಗಿ ಎದ್ದು ಒಂದೆರಡು ಬಾರಿ ಒರೆಸಿ ಮಲಗುತ್ತವೆ. ಎರಡು ವೈಪರಿಗೂ ಮೋಟಾರು ಒಂದೇ. ಅದು ಗುಂಡಗೆ ಸುತ್ತುತ್ತದೆ. ನಡುವಿನ ಸರಳುಗಳು ಆ ಸುತ್ತನ್ನು ಅತ್ತಿಂದಿತ್ತ ಬೀಸುವ ಕೆಲಸಕ್ಕೆ ಹಚ್ಚುತ್ತವೆ. ಅವುಗಳ ಒಂದು ಶಿಸ್ತು ನನಗೆ ಬಹಳ ಹಿಡಿಸಿತ್ತು. ಅರ್ಧದಲ್ಲಿ ಸ್ವಿಚ್ ಆರಿಸಿದರೂ ವೈಪರು ಅಲ್ಲೇ ನಿಲ್ಲುವುದಿಲ್ಲ. ಹಿಡಿದ ಸುತ್ತು ಮುಗಿಸಿ, ತನ್ನ ಜಾಗಕ್ಕೆ ಹೋಗಿಯೇ ಮಲಗುತ್ತದೆ.

ಕಾರು ನನ್ನ ಅಣ್ಣನದು. ಡಬ್ಬ ತುಂಬುವ ಖಾತೆಯೂ ಅವನದೇ. ಆಯುಧಪೂಜೆಯ ದಿನ ಅತ್ತಿಗೆ ಕಾರಿಗೆ ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ಆರತಿ ಎತ್ತಿದರು. ಆ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕು. ನಮ್ಮ ತಾತನ ಕಾಲದ ಕಗ್ಗದಾಸಪುರದಲ್ಲಿ ಅದಕ್ಕೆಂದು ಬೇಕಾದಷ್ಟು ಬೇಲಿಸಾಲಿತ್ತು. ಈಗ ಅಲ್ಲಿ ಯಾರೂ ತುಳಿಯದ ಜಾಗ ಅಂಗೈಯಗಲವೂ ಇಲ್ಲ. ಅಣ್ಣ ತಟ್ಟೆ ಹಿಡಿದು ಬೀದಿಯ ಎರಡೂ ತುದಿ ನೋಡಿದ. ಬಾನೆಟ್ ಎತ್ತಿ, ಡಬ್ಬಕ್ಕೆ ಸುರಿದುಬಿಟ್ಟ.

"ರೀ, ಅದು ದೃಷ್ಟಿ ತೆಗ್ದಿರೋ ನೀರು ಕಣ್ರೀ!" ಎಂದರು ಅತ್ತಿಗೆ.

"ಗಾಜಿನ ಕೆಲ್ಸಾನೂ ದೃಷ್ಟೀದೇ ತಾನೆ? ಸುಮ್ನಿರೇ. ಇಲ್ಲಿ ಯಾವನೂ ತುಳಿಯಂಗಿಲ್ಲ."

ಎರಡೇ ದಿನದಲ್ಲಿ ಅರಿಶಿನದ ಗಸಿ ಮೂತಿಗೆ ಕಟ್ಟಿಕೊಂಡಿತು. ಅಣ್ಣ ಪಿನ್ನು ಚುಚ್ಚಿ ಬಿಡಿಸಿದ. ಬಿಡಿಸುವ ಭರದಲ್ಲಿ ಮೂತಿ ಆಕಾಶ ನೋಡುವಂತಾಯಿತು.

ಆ ವಾರವೇ ಅಣ್ಣನ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣು ಮೊದಲಿಂದಲೂ ಮಂಜು. ಅವನ ಭರವಸೆಯೆಲ್ಲ ಬಲಗಣ್ಣಿನ ಮೇಲಿತ್ತು. ಮರುದಿನ ಕಂಟೋನ್ಮೆಂಟಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷಿಸಿ, ಹೊಸ ಪಟ್ಟಿ ಅಂಟಿಸಿ, ನನ್ನ ಕಡೆ ತಿರುಗಿದರು. "ಚೆನ್ನಾಗಿ ಬಂದಿದೆ. ಬಗ್ಗೋದು, ಕೂಗಾಡೋದು ಬೇಡ. ಏಟು ಬಿದ್ದು ಲೆನ್ಸ್ ಜರುಗಿದ್ರೆ ಕಷ್ಟ ಆಗತ್ತೆ, ನೋಡ್ಕೊಳ್ಳಿ." ಅಣ್ಣ ಕೂಗಾಡದೆ ಇದ್ದುದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ಆದರೂ ನೋಡಿಕೊಳ್ಳುತ್ತೇನೆಂದೆ.

ಹಲಸೂರು ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಬರುತ್ತಿದ್ದಾಗ ಪಕ್ಕದ ಲಾರಿ ಕೆಸರೆರಚಿತು. ಗಾಜು ಮುಕ್ಕಾಲು ಮುಚ್ಚಿಹೋಯಿತು.

"ಕಡ್ಡಿ ಎಳಿಯೋ," ಎಂದ ಪಕ್ಕದಲ್ಲಿದ್ದ ಅಣ್ಣ.

ಎಳೆದೆ. ಗಾಜಿಗೆ ಒಂದು ಹನಿ ಬೀಳಲಿಲ್ಲ. ಕೆಂಪು ಎಳೆಯೊಂದು ಕಣ್ಣೆದುರೇ ಮೇಲೆದ್ದು, ಕಾರಿನ ತಲೆ ದಾಟಿ ಹಿಂದಕ್ಕೆ ಹೋಯಿತು.

"ಕಟ್ಕೊಂಡೈತೆ. ಇನ್ನೊಂದ್ಸಲ ಎಳಿ."

ಇನ್ನೊಂದು ಸಲ ಎಳೆದೆ. ಹಿಂದಿದ್ದ ಬೈಕೊಂದು ನುಗ್ಗಿಬಂದು ನಮಗೆ ಅಡ್ಡ ನಿಂತಿತು. ಸವಾರನ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಎದೆಯ ತುಂಬ ಕೆಂಪು ಗೀರು. ಒಂದು ಕಣ್ಣು ಮುಚ್ಚಿಕೊಂಡಿದ್ದ.

"ಏನ್ರೀ, ರೋಡಲ್ಲಿ ಜನದ ಮೇಲೆ ಉಗೀತೀರಾ?"

ಗಾಜು ಇಳಿಸಿ, "ನಾನು ಉಗೀಲಿಲ್ಲ ಸಾರ್. ಕಾರು..." ಎಂದೆ.

"ಕಾರ್ ಉಗೀತಾ?"

ಪಕ್ಕದ ಆಟೋದವರು ನಕ್ಕರು. ನಕ್ಕದ್ದೇ ತಪ್ಪಾಯಿತು. ಬೆಂಗಳೂರಿನ ಜಗಳಕ್ಕೆ ಗೇರುಗಳಿವೆ: ಮೊದಲು 'ರೀ', ಆಮೇಲೆ 'ನೀನು', ಆಮೇಲೆ 'ಲೇ', ಕೊನೆಗೆ ತಾಯಿಯ ಹೆಸರು. ಅವನು ಒಂದರಿಂದ ನೇರ ಮೂರಕ್ಕೆ ಹಾಕಿದ.

"ಲೇ, ಗುಟ್ಕಾ ಉಗ್ದು ಕಾರ್ ಮೇಲೆ ಹಾಕ್ತೀಯಾ? ಕಣ್ಣು ಉರೀತೈತೋ ನಂಗೆ!"

ಸುಣ್ಣದ ನೀರು, ಉರಿಯಲೇಬೇಕು. ಆ ವಿವರಣೆ ಕೊಡಲು ಬಾಯಿ ತೆರೆದೆ, ತೆರೆದ ಬಾಯಿಗೇ ಗುದ್ದು ಬಿತ್ತು. ತುಟಿ ಹರಿದು ಅಂಗಿಯ ಮೇಲೆ ರಕ್ತ ಸುರಿಯಿತು. ಈಗ ನನ್ನ ಬಾಯಿಂದ ಬಂದದ್ದೂ ಕೆಂಪೇ ಆದ್ದರಿಂದ ಸಾಕ್ಷ್ಯ ಪೂರ್ತಿ ನನಗೆ ವಿರುದ್ಧವಾಯಿತು.

ಅವನು ಹೆಲ್ಮೆಟ್ಟಿನಿಂದ ಪಕ್ಕದ ಕನ್ನಡಿ ಒಡೆದ. ತಪ್ಪಿಸಿಕೊಳ್ಳಲು ಹೋಗಿ ನನ್ನ ಕೈ ಕಡ್ಡಿಗೆ ತಗುಲಿತು, ವೈಪರುಗಳು ಪೂರ್ತಿ ವೇಗದಲ್ಲಿ ಬೀಸತೊಡಗಿದವು. ಅಣಕಿಸುತ್ತಿದ್ದೇನೆಂದು ಅವನು ತಿಳಿದಿರಬೇಕು. ನನ್ನ ಕಡೆಯ ವೈಪರನ್ನು ಹಿಡಿದು ತಿರುಚಿ ಎಳೆದ. ರಬ್ಬರು ಕೂರಿಸಿದ ಉಕ್ಕಿನ ಬ್ಲೇಡು ಕಿತ್ತು ಅವನ ಕೈಗೆ ಬಂತು. ಬ್ಲೇಡನ್ನು ಗಾಜಿಗೆ ಒತ್ತಿ ಹಿಡಿಯಲೆಂದು ವೈಪರಿನ ಕೈಗೆ ಬಲವಾದ ಸ್ಪ್ರಿಂಗ್ ಇರುತ್ತದೆ. ಬ್ಲೇಡಿಲ್ಲದ ಆ ಬರಿಗೈ ಪಟಾರನೆ ಗಾಜಿಗೆ ಬಡಿದು, ಕರ್‍ರೆಂದು ಗೀರುತ್ತ ಓಡಾಡಿತು.

ಆ ಸದ್ದು ಅಣ್ಣನಿಗೆ ತಡೆಯಲಾಗಲಿಲ್ಲ. "ನನ್ ಗಾಡಿ ಮುಟ್ತೀಯೇನೋ!" ಎಂದು ಬಾಗಿಲು ತೆಗೆದ.

"ಅಣ್ಣಾ, ಕಣ್ಣು!" ಎಂದು ಅಂಗಿ ಹಿಡಿದೆ.

"ಕಣ್ಣು ನಂದು, ಕೂತ್ಕೊಳೋ!"

ಅಂಗಿಯ ಗುಂಡಿ ಮಾತ್ರ ನನ್ನ ಕೈಯಲ್ಲಿ ಉಳಿಯಿತು. ಅಣ್ಣ ಹೋದವನೇ ಅವನ ಕೆನ್ನೆಗೆ ಬಾರಿಸಿದ. ಕೊರಳಪಟ್ಟಿ ಹಿಡಿದು ತಲೆಯನ್ನು ಬಾನೆಟ್ಟಿಗೆ ಕುಟ್ಟಿದ. ಅವನು ಕೊಸರಿಕೊಂಡು ಬ್ಲೇಡು ಬೀಸಿದ. ನನಗೆ ಏನು ಮಾಡಲೂ ತೋಚದೆ ವೈಪರ್ ಸ್ವಿಚ್ ಆರಿಸಿದೆ. ಗಾಜಿನ ಮೇಲಿನ ಕೈ ತನ್ನ ಸುತ್ತು ಮುಗಿಸಿ ಮಲಗಿತು. ಅವನ ಕೈಯೂ ಅರ್ಧದಲ್ಲಿ ನಿಲ್ಲಲಿಲ್ಲ. ಬ್ಲೇಡಿನ ಉಕ್ಕಿನ ತುದಿ ಅಣ್ಣನ ಪಟ್ಟಿಯ ಮೇಲೆ ಬಿತ್ತು.

ಅಣ್ಣ ರಸ್ತೆಯಲ್ಲೇ ಕೂತುಬಿಟ್ಟ. ಪಟ್ಟಿಯ ಕೆಳಗಿಂದ ನೀರೂ ರಕ್ತವೂ ಬೆರೆತು ಇಳಿಯಿತು.

"ಆಪರೇಷನ್ ಆಗಿತ್ತೇನ್ರೀ?" ಎಂದ ಸವಾರ. ಅವನು ಒಂದನೇ ಗೇರಿಗೆ ಮರಳಿದ್ದ. "ಮೊದ್ಲೇ ಹೇಳೋದಲ್ವೇನ್ರೀ..."

ಶರ್ಟು ಬಿಚ್ಚಿ ನನ್ನ ಕಡೆಯ ಗಾಜಿನ ಕೆಸರನ್ನು ಅವನೇ ಒರೆಸಿದ. ಬೈಕನ್ನು ಅಲ್ಲೇ ಬಿಟ್ಟು, ಹಿಂದಿನ ಸೀಟಿನಲ್ಲಿ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಾನು ಕಾರನ್ನು ಆಸ್ಪತ್ರೆಗೆ ತಿರುಗಿಸಿದೆ. ಅಣ್ಣ ದಾರಿಯುದ್ದಕ್ಕೂ ಅವನನ್ನು ಉಗಿಯುತ್ತಲೇ ಇದ್ದ.

"ಉಗೀರಿ ಸಾರ್, ಎಷ್ಟು ಬೇಕಾದ್ರೂ ಉಗೀರಿ. ತಲೆ ಮಾತ್ರ ಅಲ್ಲಾಡಿಸ್ಬೇಡಿ," ಎನ್ನುತ್ತಿದ್ದ ಅವನು, ತನ್ನ ಉರಿಯುವ ಕಣ್ಣುಜ್ಜಿಕೊಂಡು.

ಲೆನ್ಸು ಜರುಗಿತ್ತು, ಕಣ್ಣಿನ ಹಿಂಬದಿಯ ಪರದೆ ಹರಿದಿತ್ತು. ಆಮೇಲೆ ಎರಡು ಸಲ ಆಪರೇಷನ್ ಮಾಡಿದರು. ಅಣ್ಣನ ಬಲಗಣ್ಣಿಗೆ ಈಗ ಬೆಳಕು, ಕತ್ತಲೆ ಇಷ್ಟು ಮಾತ್ರ ತಿಳಿಯುತ್ತದೆ.