ನೆಲಕ್ಕೆ ಕೂರುವ ವಿಚಾರ

ನನಗೆ ನೆಲದ ಮೇಲೆ ಕೂರಲು ಬರುತ್ತದೆ, ಏಳಲು ಬರುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಉಂಡಾದ ಮೇಲೆ ಪಕ್ಕದವರು ಏಳುವುದನ್ನೇ ಕಾಯುತ್ತೇನೆ, ಅವರ ಹೆಗಲು ಸಿಗಲಿ ಎಂದು. ಹಾಗಾಗಿ ಮುಂಡಗೋಡದ ನನ್ನ ಮನೆಯಲ್ಲಿ ಕುರ್ಚಿಗಳಿಗೆ ಬರವಿಲ್ಲ. ಕೂರುವುದು ಎಷ್ಟು ದೊಡ್ಡ ಸಂಗತಿ ಎಂದು ನನಗೆ ತಿಳಿಸಿದವಳು ಚಿಗಳ್ಳಿಯ ಸೋದರತ್ತೆ.

ಎಪ್ಪತ್ತು ದಾಟಿದ್ದ ಅತ್ತೆಗೆ ಹಳೆಯ ಕ್ಯಾನ್ಸರ್ ಸೊಂಟದ ಎಲುಬಿಗೆ ಇಳಿದಿತ್ತು. ಹುಳ ತಿಂದ ಕಟ್ಟಿಗೆಯಂತೆ ಎಲುಬು ಒಳಗೇ ಪೊಳ್ಳಾಗಿತ್ತು. ನಿಂತರೆ ನೋವು, ಕೂತರೆ ಇನ್ನೂ ನೋವು. ದಿನಾ ಚಕ್ಕಳಮಕ್ಕಳ ಹಾಕಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದವಳಿಗೆ ನಾನು ನನ್ನ ಬುದ್ಧಿಗೆ ತಕ್ಕಂತೆ ಒಂದು ಕುರ್ಚಿ ಒಯ್ದುಕೊಟ್ಟೆ.

"ದೇವರ ಮುಂದ ನಾ ಏನ ತಹಸೀಲ್ದಾರ ಅದೀನೇನೋ?" ಎಂದು ಅದರ ಮೇಲೆ ಕೌದಿ ಮಡಚಿಟ್ಟಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಅತ್ತೆಯ ಮನಸ್ಸು ಅಲ್ಲೇ ಇತ್ತು. "ಸತ್ತ ಮ್ಯಾಲ ನೀವೆಲ್ಲಾ ಹಿಡದು ಕುಂದರಸ್ತೀರಿ. ಅಲ್ಲೀತನಕಾ ನನ್ನಷ್ಟಕ್ಕ ನಾನ ಕುಂದರಬೇಕಲಾ?" ಎಂದಳು.

ಹುಬ್ಬಳ್ಳಿಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ರೋಗ ಹೋಗುವುದಿಲ್ಲ, ನೋವು ಕಡಿಮೆಯಾದೀತು. ಈ ವಯಸ್ಸಿಗೆ ದೊಡ್ಡ ಆಪರೇಷನ್ ಬೇಡ. ದಪ್ಪ ಸೂಜಿಯಿಂದ ಎಲುಬಿನ ಪೊಳ್ಳಿಗೆ ಸಿಮೆಂಟ್ ತುಂಬುತ್ತೇವೆ ಎಂದರು. ಹಾಗೇ ಮಾಡಿದರು. ಗಾಯ ನೋಡಲು ಬಂದ ನೆಂಟರಿಗೆ ಸಣ್ಣದೊಂದು ಪಟ್ಟಿ ಕಂಡು ನಿರಾಸೆಯೇ ಆಯಿತು.

ಆದರೆ ಸಿಮೆಂಟ್ ಎಂದದ್ದೇ ಎಡವಟ್ಟಾಯಿತು. ಅತ್ತೆಯ ಗಂಡ, ನಮ್ಮ ಮಾಮಾ, ಹೋದ ವರ್ಷವಷ್ಟೇ ಸ್ಲ್ಯಾಬಿನ ಮನೆ ಕಟ್ಟಿಸಿ, ಸಿಮೆಂಟ್ ಗಟ್ಟಿಯಾಗಲೆಂದು ತಾವೇ ನಿಂತು ನೀರು ಹೊಡೆದವರು. ಊರಿಗೆ ಬಂದದ್ದೇ ತಡ, ಅತ್ತೆಯನ್ನು ಅಲುಗಾಡಗೊಡಲಿಲ್ಲ. ಸೊಂಟದ ಮೇಲೆ ಒದ್ದೆ ಟವೆಲ್, ಕುಡಿಯಲು ತಂಬಿಗೆಯ ಮೇಲೆ ತಂಬಿಗೆ ನೀರು. "ಸಿಮೆಂಟ್ ಇನ್ನೂ ಹಸಿ ಐತಿ. ಈಗ ಭಾರ ಬಿದ್ರ ಬಿರಕ ಬಿಡತೈತಿ," ಎಂದರು. ಕಾಲೇಜು ಕಲಿತ ನಾನೂ ತಲೆಯಾಡಿಸಿದೆ.

ಎಷ್ಟು ದಿನ ಹೀಗೆ ಎಂದು ಕೇಳಲು ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಫೋನು ಮಾಡಿದರೆ ಅವರು ಬಿದ್ದು ಬಿದ್ದು ನಕ್ಕರು. "ಅದು ಚಹಾ ಆರೂದರೊಳಗ ಗಟ್ಟಿ ಆಗೇತ್ರಿ! ಮದಲ ಅವರನ್ನ ಎಬ್ಬಸ್ರಿ. ನೋವಾಗದಿದ್ರ ಕೆಳಗೂ ಕುಂದರಲಿ."

ಅತ್ತೆ ಎದ್ದು, ಗೋಡೆ ಹಿಡಿದು ನೆಲಕ್ಕೆ ಇಳಿದಳು. ಸ್ಲ್ಯಾಬಿಗೆ ಆಸರೆಯಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚುವಾಗ ನಿಂತಿದ್ದಂತೆಯೇ ಮಾಮಾ ಉಸಿರು ಬಿಗಿಹಿಡಿದು ನಿಂತಿದ್ದರು. ಅವರು ಚಾಚಿದ ಕೈಯನ್ನು ಸರಿಸಿ, ಒಂದು ಕಾಲು ಮಡಚಿ, ಇನ್ನೊಂದನ್ನು ಮಡಚಿ ಕೂತಳು. ಅಂಗೈಗೆ ಲಿಂಗ ಬಂತು. ಮಾಮಾ ಅತ್ತರು, ನನಗೂ ಅಳು ಬಂತು, ಕುರ್ಚಿಯ ಮೇಲೆ ಕೂತಲ್ಲೇ.

ಮುಂದಿನ ವರ್ಷ ರೋಗ ಅವಳನ್ನು ಕರೆದುಕೊಂಡಿತು. ಅಲ್ಲಿಯವರೆಗೂ ಪೂಜೆಗೆ ನೆಲಕ್ಕೇ ಕೂತಳು. ಕೊನೆಗೆ ನಾವೆಲ್ಲ ಹಿಡಿದು ಕೂರಿಸಿದಾಗ, ಸುಮ್ಮನೆ ಪೂಜೆಗೆ ಕೂತವಳಂತೆಯೇ ಇದ್ದಳು. ಅವಳಿಗೆ ರೂಢಿಯಿತ್ತು. ನನ್ನನ್ನೂ ಒಂದು ದಿನ ಹಾಗೇ ಕೂರಿಸುತ್ತಾರೆ, ಚಿಂತೆ ಈಗ ನನ್ನದು. ಅದಕ್ಕೇ ದಿನಾ ಬೆಳಿಗ್ಗೆ ನೆಲಕ್ಕೆ ಕೂರುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಏಳುವುದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ.